ಕುದುರೆ ಪಳಗಿಸುವುದನ್ನು ತೋರಿಸಿ ವಿಧೇಯತೆಯ ಪಾಠ: ಯಾವುದು ಸರಿ, ಯಾವುದು ಬೇಡ?

ಶರಾವತಿ_ಕಣಿವೆ

ಎಲ್ಲರಿಗೂ ವಂದನೆ. ಸಂಕ್ರಾಂತಿ ರಜೆಗೆ ಸಾಗರದ ಹತ್ತಿರ ನಮ್ಮ ಕ್ರೈಸ್ತ ಸಭೆಯ ಯುವಜನರ ಶಿಬಿರ ಇದೆ. ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳು, ಹೆಚ್ಚುಕಮ್ಮಿ 25 ಜನ. ವಿಷಯ "ನಂಬಿಕೆ ಮತ್ತು ವಿಧೇಯತೆ". ಬರೀ ಪ್ರಸಂಗ ಕೇಳಿ ಮಕ್ಕಳಿಗೆ ಸಾಕಾಗಿರುತ್ತೆ, ಈ ಸಲ ಕುದುರೆ ಪಳಗಿಸುವುದನ್ನು ಕಣ್ಣೆದುರೇ ತೋರಿಸಿ ಪಾಠ ಹೇಳೋಣ ಅಂತ ಸಮಿತಿಯವರ ಯೋಚನೆ. ಕುದುರೆ ಸಾಕಿದವರೊಬ್ಬರು ಎರಡು ಕುದುರೆ ತರಲು ಒಪ್ಪಿದ್ದಾರೆ. ಒಂದು ರೇಸಿನಿಂದ ನಿವೃತ್ತಿಯಾದ ಹೆಣ್ಣು ಕುದುರೆ, ಇನ್ನೊಂದು ಯಾರೂ ಇನ್ನೂ ಹತ್ತದ ಮೂರು ವರ್ಷದ ಗಂಡು.

ಸದ್ಯದ ರೂಪುರೇಷೆ ಹೀಗಿದೆ. ಮೊದಲ ದಿನ ಎಳೆಗುದುರೆಗೆ ಹಗ್ಗ ಕಟ್ಟಿ ಸುತ್ತು ಓಡಿಸುವುದು. ಅದು ಸುಸ್ತಾಗಿ ತಲೆ ತಗ್ಗಿಸಿದಾಗ "ನಮ್ಮ ಸ್ವಂತ ಚಿತ್ತವೂ ಹೀಗೆ ಮುರಿಯಬೇಕು" ಅನ್ನುವುದು. ಎರಡನೇ ದಿನ ಯಾಕೋಬ 3:3 ಓದಿಸಿ, ಕಡಿವಾಣ ತೋರಿಸಿ, ದೇವರು ನಮ್ಮನ್ನು ಹಿಡಿತದಲ್ಲಿಡುವ ಬಗೆ ಹೇಳುವುದು. ಕೊನೆಗೆ ಜ್ಞಾನೋಕ್ತಿ 26:3, ಕುದುರೆಗೆ ಚಬುಕು ಅನ್ನುವ ಮಾತಿನಿಂದ ಶಿಸ್ತಿನ ಪಾಠ.

ಕುದುರೆ ಬಲ್ಲವರು, ಬೈಬಲ್ ಬಲ್ಲವರು ಇಬ್ಬರೂ ಇಲ್ಲಿದ್ದೀರಿ. ಇದು ಸರಿಯೇ? ಎಲ್ಲಿ ತಪ್ಪುತ್ತೆ?

ಲಾಯದಿಂದ

ಟೀಚರ್, ಮೊದಲ ದಿನದ್ದನ್ನು ದಯವಿಟ್ಟು ಕೈಬಿಡಿ. ಸುಸ್ತಾಗಿ ತಲೆ ತಗ್ಗಿಸಿದ ಕುದುರೆ ಏನೂ ಕಲಿತಿರಲ್ಲ, ಅದಕ್ಕೆ ಉಸಿರು ಸಾಲದಾಗಿರುತ್ತೆ ಅಷ್ಟೆ. ರಾತ್ರಿ ಹುಲ್ಲು ತಿಂದು ದಣಿವಾರಿಸಿಕೊಂಡರೆ ಬೆಳಿಗ್ಗೆ ಅದೇ ಹಟ. ದಿನಾ ಹಾಗೇ ಓಡಿಸಿದರೆ ಅದರ ದಮ್ಮು ಬೆಳೆಯುತ್ತೆ, ತಿಂಗಳೊಳಗೆ ಸುಸ್ತಾಗೋದು ನೀವು. ಮೂರು ವರ್ಷದ ಕಾಲಿಗೆ ಸಣ್ಣ ಸುತ್ತಿನ ಓಟ ಒಳ್ಳೆಯದೂ ಅಲ್ಲ, ಒಂದೇ ಮಗ್ಗುಲಿಗೆ ಕೀಲಿನ ಮೇಲೆ ತಿರುಚು ಬೀಳುತ್ತೆ.

ಕುದುರೆ ಕಲಿಯುವ ರೀತಿಯೇ ಬೇರೆ. ನಾವು ಹಾಕುವ ಒತ್ತಡದಿಂದ ಅದು ಏನೂ ಕಲಿಯಲ್ಲ. ಒತ್ತಡ ಬಿಡುವ ಗಳಿಗೆಯಿಂದ ಕಲಿಯುತ್ತೆ. ಒತ್ತಡ ಬರೀ ಪ್ರಶ್ನೆ, ಬಿಡುವುದೇ ಉತ್ತರ. ಶಿಬಿರದಲ್ಲಿ ಇದನ್ನೊಂದನ್ನೇ ನೆಟ್ಟಗೆ ತೋರಿಸಿದರೂ ಸಾಕು, ಇಪ್ಪತ್ತು ನಿಮಿಷ ಹಿಡಿಯುತ್ತೆ.

ಮಾಡುವ ರೀತಿ: ಎಳೆಗುದುರೆಗೆ ಸಾದಾ ಹಾಲ್ಟರ್ (ಬಾಯೊಳಗೆ ಏನೂ ಇರದ ತಲೆಪಟ್ಟಿ) ಹಾಕಿ, ಕಡಿವಾಣ ಬೇಡ. ಹನ್ನೆರಡು ಅಡಿ ಉದ್ದದ ದಪ್ಪ ಹತ್ತಿ ಹಗ್ಗ ತಗೊಳ್ಳಿ. ನೈಲಾನ್ ಬೇಡ, ಕೈ ಸುಡುತ್ತೆ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಲೇಬಾರದು. ಕುದುರೆ ಒಮ್ಮೆ ಜಗ್ಗಿದರೆ ಬೆರಳು ಹೋಗುತ್ತೆ. ಮಡಿಚಿ ಹಿಡಿಯಿರಿ. ಕುದುರೆಯ ಎಡ ಭುಜದ ಪಕ್ಕ ನಿಂತು ಹಗ್ಗವನ್ನು ಮುಂದಕ್ಕೆ ಮೆಲ್ಲಗೆ ಬಿಗಿ ಮಾಡಿ, ಒಂದು ಹಿಡಿ ಅಕ್ಕಿ ಎತ್ತುವಷ್ಟು ಭಾರ, ಅದಕ್ಕಿಂತ ಹೆಚ್ಚಿಲ್ಲ. ಆಮೇಲೆ ಸುಮ್ಮನೆ ಹಿಡಿದು ಕಾಯಿರಿ. ಜಗ್ಗಬೇಡಿ, ಬಿಡಬೇಡಿ. ಕುದುರೆ ಮೊದಲು ತಲೆ ಎತ್ತುತ್ತೆ, ಹಿಂದಕ್ಕೆ ಒರಗುತ್ತೆ. ಒತ್ತಡ ಬಂದ ಕಡೆಗೇ ಎದುರು ಒತ್ತುವುದು ಅದರ ಹುಟ್ಟುಗುಣ, ಅದನ್ನು ಹಟ ಅಂತ ತಿಳಿಯಬಾರದು. ಆಗಲೂ ಹಗ್ಗ ಅಷ್ಟೇ ಬಿಗಿ ಇರಲಿ. ಯಾವಾಗಲೋ ಒಮ್ಮೆ ಮೈಭಾರ ಮುಂದಕ್ಕೆ ವಾಲುತ್ತೆ, ಕಾಲು ಇನ್ನೂ ಎತ್ತಿರಲ್ಲ. ಆ ಕ್ಷಣಕ್ಕೆ ಹಗ್ಗ ಪೂರ್ತಿ ಸಡಿಲ. ಒಂದು ಸೆಕೆಂಡಿನೊಳಗೆ ಬಿಟ್ಟರೆ ಅದಕ್ಕೆ ಅರ್ಥವಾಗುತ್ತೆ; ತಡವಾದರೆ ಆಮೇಲೆ ಮಾಡಿದ ಇನ್ನೇನಕ್ಕೋ ಅದು ಸೇರಿಸಿಕೊಳ್ಳುತ್ತೆ. ಸಡಿಲ ಬಿಟ್ಟು ಹತ್ತು ಹದಿನೈದು ಸೆಕೆಂಡ್ ಸುಮ್ಮನೆ ನಿಲ್ಲಿ. ಎಷ್ಟೋ ಸಲ ಆಗ ತುಟಿ ಚಪ್ಪರಿಸುತ್ತೆ, ದೀರ್ಘ ಉಸಿರು ಬಿಡುತ್ತೆ. ಮತ್ತೆ ಕೇಳಿ. ಐದಾರು ಸಲದ ಹೊತ್ತಿಗೆ ಹಗ್ಗ ಬಿಗಿಯಾಗುವ ಮೊದಲೇ, ನಿಮ್ಮ ಮೈ ತಿರುಗಿದ್ದು ನೋಡಿಯೇ ಹೆಜ್ಜೆ ಇಡುತ್ತೆ. ಮಕ್ಕಳಿಗೆ ತೋರಿಸಬೇಕಾದ್ದು ಇದು: ಹಗ್ಗ ಇಬ್ಬರ ನಡುವೆ ಜೋತುಬಿದ್ದಿದೆ, ಕುದುರೆ ಬರ್ತಾ ಇದೆ.

ಕೆಡುವುದು ಮೂರು ರೀತಿ. ಕುದುರೆ ಹಿಂದೆ ಜಗ್ಗಿದಾಗ ಹೆದರಿ ಹಗ್ಗ ಬಿಟ್ಟರೆ, ಜಗ್ಗುವುದೇ ಸರಿ ಉತ್ತರ ಅಂತ ಕಲಿಯುತ್ತೆ. ಅದನ್ನು ಮರೆಸಲು ತಿಂಗಳುಗಟ್ಟಲೆ ಬೇಕು. ಹೆಜ್ಜೆ ಇಟ್ಟ ಮೇಲೂ ಬಿಡದೆ ಎಳೀತಾನೇ ಇದ್ದರೆ, ಏನು ಮಾಡಿದರೂ ಬಿಡುಗಡೆ ಇಲ್ಲ ಅಂತ ಗೊತ್ತಾಗಿ ಮರಗಟ್ಟುತ್ತೆ. ಜಟಕಾ ಕುದುರೆಗಳಲ್ಲಿ "ಬಾಯಿ ಕಲ್ಲಾಗಿದೆ" ಅಂತಾರಲ್ಲ, ಅದು ಆಗೋದೇ ಹೀಗೆ. ಮೂರನೆಯದು, ಸಣ್ಣದಾಗಿ ಕೇಳದೆ ಏಕ್‌ದಂ ಜೋರಾಗಿ ಶುರು ಮಾಡೋದು. ಪ್ರತಿ ಸಲವೂ ನೋಟ, ಆಮೇಲೆ ಮೈಯ ಚಲನೆ, ಆಮೇಲೆ ಹಗ್ಗ, ಕೊನೆಗೆ ಬೇಕಾದರೆ ಚಾಟಿಯ ತುದಿಯಿಂದ ಒಂದು ತಟ್ಟು. ನಿನ್ನೆ ತಟ್ಟಬೇಕಾಗಿ ಬಂತು ಅಂತ ಇವತ್ತು ತಟ್ಟಿನಿಂದಲೇ ಶುರು ಮಾಡಿದರೆ ಕುದುರೆಗೆ ನೋಟ ಓದುವ ಅವಕಾಶವೇ ಸಿಗಲ್ಲ.

ಆ ಎಳೆಯದನ್ನು ಶಿಬಿರದಲ್ಲಿ ಯಾರೂ ಹತ್ತಬೇಡಿ. ಬೆನ್ನೆಲುಬು ಪೂರ್ತಿ ಬಲಿಯಲು ಐದೂವರೆ, ಆರು ವರ್ಷ ಬೇಕು. ಮೂರಕ್ಕೆ ಹಗುರ ಸವಾರನನ್ನು ಸ್ವಲ್ಪ ಹೊತ್ತು ಹೊರಬಹುದು, ಆದರೆ ಮೊದಲ ಸವಾರಿ 25 ಮಕ್ಕಳ ಎದುರು ಆಗಬಾರದು.

ಕ್ಯಾಟಕಿಸ್ಟ್_ಶಿವಮೊಗ್ಗ

ಕುದುರೆಯ ಬಗ್ಗೆ ಲಾಯದವರು ಬರೆದದ್ದನ್ನು ಓದಿದ ಮೇಲೆ ನನ್ನ ಸಲಹೆ: ನಿಮ್ಮ ಎರಡು ವಚನಗಳನ್ನೂ ಪಕ್ಕಕ್ಕಿಟ್ಟು 32ನೆಯ ಕೀರ್ತನೆಯನ್ನು ಇಡಿಯಾಗಿ ತೆಗೆದುಕೊಳ್ಳಿ.

ಯಾಕೋಬ 3:3ರಲ್ಲಿ ಕಡಿವಾಣ ಬರುವುದು ನಾಲಿಗೆಯ ವಿಚಾರಕ್ಕೆ. ಸಣ್ಣ ಕಡಿವಾಣ ದೊಡ್ಡ ಕುದುರೆಯನ್ನು ತಿರುಗಿಸುತ್ತದೆ, ಸಣ್ಣ ಚುಕ್ಕಾಣಿ ದೊಡ್ಡ ಹಡಗನ್ನು ತಿರುಗಿಸುತ್ತದೆ, ಹಾಗೆಯೇ ನಾಲಿಗೆ. ಅಲ್ಲಿ ಸವಾರನ ಜಾಗದಲ್ಲಿ ದೇವರಿಲ್ಲ. ಮಾತಿನ ಮೇಲಿನ ಹಿಡಿತದ ಬಗ್ಗೆ ಪಾಠ ಮಾಡುವುದಿದ್ದರೆ ಧಾರಾಳವಾಗಿ ಬಳಸಿ, ವಾಟ್ಸಾಪ್ ಕಾಲದ ಮಕ್ಕಳಿಗೆ ಅದೂ ಬೇಕು. ಜ್ಞಾನೋಕ್ತಿ 26:3 ಮೂಢನ ಬಗ್ಗೆ ಇರುವ ಮಾತು. ಬುದ್ಧಿವಾದ ಮುಟ್ಟದವನಿಗೆ ಕೊನೆಗೆ ಬೆತ್ತವೇ ಗತಿ ಎಂಬ ಚುಚ್ಚುನುಡಿ. ಕುದುರೆಯನ್ನು ಹೇಗೆ ಪಳಗಿಸಬೇಕು, ಮಕ್ಕಳನ್ನು ಹೇಗೆ ತಿದ್ದಬೇಕು ಎಂಬುದಕ್ಕೆ ಅದನ್ನು ಆಧಾರ ಮಾಡಿಕೊಳ್ಳುವುದು ದೂರದ ಎಳೆತ.

32ನೆಯ ಕೀರ್ತನೆಯ 9ನೆಯ ವಚನದಲ್ಲಿ ಕುದುರೆ ಬರುತ್ತದೆ, ಆದರೆ ಬೇಡದ ಮಾದರಿಯಾಗಿ: ಕಡಿವಾಣ, ಬಾರು ಹಾಕದಿದ್ದರೆ ಹತ್ತಿರ ಬಾರದ ಕುದುರೆ, ಹೇಸರಗತ್ತೆಗಳ ಹಾಗೆ ಇರಬೇಡಿ. ಅದರ ಹಿಂದಿನ ವಚನದಲ್ಲಿ ದೇವರು ಕೊಡುವ ಮಾತು ಬೇರೆಯೇ: ದಾರಿ ತೋರಿಸುತ್ತೇನೆ, ನಿನ್ನ ಮೇಲೆ ಕಣ್ಣಿಟ್ಟು ನಡೆಸುತ್ತೇನೆ. ಲಾಯದವರು ಹೇಳಿದ ಕ್ರಮವನ್ನು ಇದರ ಪಕ್ಕದಲ್ಲಿಡಿ. ಮೊದಲು ನೋಟ, ಕೊನೆಗೆ ಹಗ್ಗ. ಕೀರ್ತನೆ ಬಯಸುವುದು ನೋಟಕ್ಕೇ ಓಗೊಡುವ ಸಂಬಂಧ.

ಇನ್ನೂ ಹಿಂದೆ ಹೋಗಿ, 3ರಿಂದ 5. ಪಾಪವನ್ನು ಬಚ್ಚಿಟ್ಟ ದಿನಗಳಲ್ಲಿ ದೇವರ ಕೈ ಹಗಲಿರುಳು ಭಾರವಾಗಿತ್ತು, ಮೈಯ ಸಾರ ಬೇಸಿಗೆಯ ಬಿಸಿಲಿಗೆ ಸಿಕ್ಕಂತೆ ಬತ್ತಿತು. ಆಮೇಲೆ, ಒಪ್ಪಿಕೊಳ್ಳುತ್ತೇನೆ ಅಂದುಕೊಂಡೆ, ನೀನು ಕ್ಷಮಿಸಿದೆ. ಒಪ್ಪಿಗೆಯೂ ಕ್ಷಮೆಯೂ ಒಂದೇ ವಚನದಲ್ಲಿವೆ, ನಡುವೆ ಪರೀಕ್ಷಾವಧಿ ಇಲ್ಲ. ಕಾಲು ಎತ್ತುವ ಮೊದಲೇ, ಮೈಭಾರ ವಾಲಿದ್ದಕ್ಕೇ ಹಗ್ಗ ಸಡಿಲ ಬಿಡುವುದನ್ನು ಮಕ್ಕಳು ಕಂಡಿರುತ್ತಾರಲ್ಲ, ಆ ಕೂಡಲೇ ಇದನ್ನು ಓದಿಸಿ. ಜೊತೆಗೆ ಲೂಕ 15. ತಪ್ಪಿಹೋದ ಮಗ ಮೂರು ಮಾತಿನ ಒಪ್ಪಿಗೆ ತಯಾರು ಮಾಡಿಕೊಂಡು ಹೊರಡುತ್ತಾನೆ (18, 19). ಅವನಿನ್ನೂ ದೂರದಲ್ಲಿರುವಾಗಲೇ ತಂದೆ ಓಡಿ ಬರುತ್ತಾನೆ. ಮಗ ಮಾತು ಶುರು ಮಾಡುತ್ತಾನೆ, "ಕೂಲಿಯವನಂತೆ ಇಟ್ಟುಕೋ" ಎಂಬ ಕೊನೆಯ ಮಾತು ಬಾಯಿಗೆ ಬರುವ ಹೊತ್ತಿಗೆ ತಂದೆ ಆಳುಗಳಿಗೆ ನಿಲುವಂಗಿ ತರಲು ಹೇಳಿಯಾಗಿರುತ್ತದೆ (21, 22). ಮಕ್ಕಳಿಂದಲೇ ಆ ಎರಡು ಭಾಗಗಳನ್ನು ಹೋಲಿಸಿ, ಯಾವ ಮಾತು ಬಿಟ್ಟುಹೋಗಿದೆ ಎಂದು ಹುಡುಕಿಸಬಹುದು. ಒಳ್ಳೆಯ ಅಭ್ಯಾಸ.

ಒಂದು ಎಚ್ಚರ ಮಾತ್ರ ಬೇಕು. "ಕಷ್ಟ ಬಂದರೆ ಅದು ದೇವರು ಬಿಗಿದ ಹಗ್ಗ" ಎಂದು ಹೇಳಿಬಿಡಬೇಡಿ. ನಿಮ್ಮ 25 ಮಕ್ಕಳಲ್ಲಿ ಅಪ್ಪನನ್ನು ಕಳೆದುಕೊಂಡವರಿರಬಹುದು, ಮನೆಯಲ್ಲಿ ಕಾಯಿಲೆ ಇರಬಹುದು. ಯೋಬನ ಸ್ನೇಹಿತರು ಅದೇ ಲೆಕ್ಕ ಹಾಕಿ ಕೊನೆಗೆ ದೇವರಿಂದಲೇ ಬೈಸಿಕೊಂಡರು (ಯೋಬ 42:7). ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಯಾರ ಪಾಪ ಎಂದು ಕೇಳಿದಾಗ ಯೇಸುಸ್ವಾಮಿ ಆ ಪ್ರಶ್ನೆಯನ್ನೇ ತಳ್ಳಿಹಾಕಿದರು (ಯೊವಾನ್ನ 9:3).

ಎಳೆಗುದುರೆ ಬರುತ್ತಿರುವುದರಿಂದ ಇನ್ನೊಂದು ವಿಷಯ. ಯೆರೂಸಲೇಮಿನ ಪ್ರವೇಶಕ್ಕೆ ಯೇಸು ಕೇಳಿದ್ದು ಯಾರೂ ಎಂದೂ ಹತ್ತದ ಕತ್ತೆಮರಿ (ಮಾರ್ಕ 11:2). ಜನ ಕೂಗುತ್ತಿದ್ದಾರೆ, ಕಾಲಡಿ ಬಟ್ಟೆ, ಸೊಪ್ಪು ಹಾಸಿದ್ದಾರೆ. ಪಳಗದ ಪ್ರಾಣಿಗೆ ಇದೆಲ್ಲ ಏನೆಂದು ಲಾಯದವರನ್ನು ಕೇಳಿ. ಮತ್ತಾಯ 21:7ರಲ್ಲಿ ತಾಯಿ ಕತ್ತೆಯೂ ಜೊತೆಗಿದೆ.

ಲಾಯದಿಂದ

ಆ ಕತ್ತೆಮರಿ ವಿಚಾರ ಓದಿದ ಯಾವ ಕುದುರೆಯವನಿಗಾದರೂ ಮೈ ಜುಂ ಅನ್ನುತ್ತೆ. ಹತ್ತಿರದ ತಾಯಿ ಪ್ರಾಣಿ ಅನ್ನೋದು ನಮ್ಮ ಕಸುಬಿನಲ್ಲಿ ದಿನನಿತ್ಯದ ಮಾತು. ಎಳೆಯದನ್ನು ಮೊದಲ ಸಲ ರಸ್ತೆಗೆ, ಹೊಳೆಗೆ, ಟ್ರಾಫಿಕ್ಕಿಗೆ ಬಿಡುವಾಗ ಪಕ್ಕದಲ್ಲಿ ಒಂದು ಹಳೆ ಕುದುರೆ ಇರಲೇಬೇಕು. ಮುದಿ ಕುದುರೆ ಲಾರಿ ನೋಡಿ ಕಿವಿ ಅಲ್ಲಾಡಿಸದಿದ್ದರೆ ಎಳೆಯದೂ ಅರ್ಧ ಧೈರ್ಯ ತಗೊಳ್ಳುತ್ತೆ. ಹಾಗಿದ್ದರೂ ಮೊದಲ ದಿನವೇ ಬೆನ್ನ ಮೇಲೆ ಆಳು, ಕಾಲಡಿ ಬಟ್ಟೆ, ಸುತ್ತ ಗಲಾಟೆ ಅಂದರೆ ಕುದುರೆಯವರು ಯಾರೂ ಒಪ್ಪಲ್ಲ.

ಸಾಮಾನ್ಯ ಕ್ರಮ ಬೇರೆ, ಅದನ್ನೂ ಶಿಬಿರದಲ್ಲಿ ತೋರಿಸಬಹುದು. ಒಂದು ಖಾಲಿ ಗೊಬ್ಬರದ ಪ್ಲಾಸ್ಟಿಕ್ ಚೀಲ ತಗೊಳ್ಳಿ. ಮೂವತ್ತು ಅಡಿ ದೂರದಲ್ಲಿ ಮೆಲ್ಲಗೆ ಅಲ್ಲಾಡಿಸಿ. ಕುದುರೆ ಕಿವಿ ನಿಮಿರಿಸಿ ನೋಡುತ್ತೆ, ಕಾಲು ಕದಲಲ್ಲ. ಅಷ್ಟಕ್ಕೆ ಚೀಲ ಇಳಿಸಿ. ಹತ್ತಿರ, ಮತ್ತೂ ಹತ್ತಿರ, ಪ್ರತಿ ಸಲ ಅದು ನಿಂತಿರುವಾಗಲೇ ಚೀಲ ಇಳಿಸಬೇಕು. ಓಡಿದ ಮೇಲೆ ಇಳಿಸಿದರೆ ಓಡಿದ್ದಕ್ಕೆ ಬಹುಮಾನ ಕೊಟ್ಟ ಹಾಗೆ. ಕಟ್ಟಿಹಾಕಿ ಚೀಲ ಮೈಗೆಲ್ಲ ಬಡಿದು "ಅಭ್ಯಾಸ" ಮಾಡಿಸುವವರಿದ್ದಾರೆ, ಅದು ನಿಲ್ಲುತ್ತೆ ನಿಜ, ಆದರೆ ಕಟ್ಟು ಬಿಚ್ಚಿದ ದಿನ ಏನಾಗುತ್ತೆ ಅಂತ ಹೇಳಕ್ಕಾಗಲ್ಲ. ಇದಕ್ಕೆ ವಚನ ನನಗೆ ಗೊತ್ತಿರುವುದು 1 ಕೊರಿಂಥ 10:13, ಸಹಿಸಲಾಗುವುದಕ್ಕಿಂತ ಹೆಚ್ಚಿನ ಶೋಧನೆ ಬರಗೊಡಿಸುವುದಿಲ್ಲ ಅನ್ನೋದು.

ಈಗ ನಿಮ್ಮ ರೇಸ್ ಕುದುರೆ. ನನ್ನ ಪ್ರಕಾರ ದೊಡ್ಡ ಪಾಠ ಇರೋದು ಅದರಲ್ಲೇ. ರೇಸ್ ಕುದುರೆ ಪಳಗದ ಕುದುರೆ ಅಂತ ಜನ ತಿಳಿದಿರ್ತಾರೆ. ಅದು ಬಹಳ ಚೆನ್ನಾಗಿ ಪಳಗಿದ ಕುದುರೆ, ಬೇರೆ ಯಜಮಾನನಿಗೆ, ಬೇರೆ ಕೆಲಸಕ್ಕೆ. ಟ್ರ್ಯಾಕಿನಲ್ಲಿ ಜಾಕಿ ಎರಡೂ ಲಗಾಮು ಗಟ್ಟಿ ಹಿಡಿದರೆ ಕುದುರೆ ಕಡಿವಾಣಕ್ಕೆ ಒರಗಿ ಇನ್ನೂ ಜೋರು ಹೋಗೋದನ್ನ ಕಲಿತಿರುತ್ತೆ. ಅಂಥದ್ದನ್ನು ಮಲೆನಾಡಿನ ಕಾಡುದಾರಿಗೆ ತಂದ ಹೊಸ ಸವಾರ ಹೆದರಿ ಎರಡೂ ಲಗಾಮು ಎಳೀತಾನೆ. ಕುದುರೆ "ಸರಿ, ಅಪ್ಪಣೆ" ಅಂತ ಓಟ ಕೀಳುತ್ತೆ. ಅವನು ಇನ್ನೂ ಎಳೀತಾನೆ, ಅದು ಇನ್ನೂ ಓಡುತ್ತೆ. ಇಬ್ಬರದೂ ತಪ್ಪಿಲ್ಲ, ಕುದುರೆ ಅಕ್ಷರಶಃ ವಿಧೇಯವಾಗಿದೆ.

ಇದನ್ನ ತಿದ್ದೋದು ನಿಧಾನ. ಮೊದಲು ಕೆಲವು ವಾರ ಕೆಲಸ ಕೊಡದೆ ಬಯಲಲ್ಲಿ ಬಿಡಬೇಕು, ಕಾಳು ಕಮ್ಮಿ ಮಾಡಿ ಹುಲ್ಲು ಹೆಚ್ಚಿಸಬೇಕು. ಆಮೇಲೆ ನಿಂತಲ್ಲೇ ಒಂದೇ ಲಗಾಮು, ಬಲ ಅಥವಾ ಎಡ, ಮೆಲ್ಲಗೆ ಸವಾರನ ಮೊಣಕಾಲಿನ ಕಡೆ ತಂದು ಕತ್ತು ಬಗ್ಗಿಸಿ, ಬಗ್ಗಿದ ಕೂಡಲೇ ಬಿಡೋದು. ಕತ್ತು ಪಕ್ಕಕ್ಕೆ ಬಗ್ಗಿದರೆ ಒರಗಕ್ಕೆ ಆಸರೆ ಇರಲ್ಲ. ನಿಂತಲ್ಲಿ ಬಂದ ಮೇಲೆ ನಡಿಗೆಯಲ್ಲಿ, ಆಮೇಲೆ ದುಡುಕಿಯಲ್ಲಿ, ಅಂದರೆ ಮೆಲ್ಲನೆಯ ಓಟದಲ್ಲಿ. ಇದನ್ನು ಕಲಿಸದೆ ನಾಗಾಲೋಟದಲ್ಲಿ ಒಂದೇ ಲಗಾಮು ಸೆಳೆದರೆ ಕುದುರೆ ಮಗುಚಿ ಬೀಳುತ್ತೆ, ಸವಾರ ಕೆಳಗೆ. ಹೊಸದಾಗಿ ನಂಬಿಕೆಗೆ ಬಂದವರಲ್ಲಿ ಹಳೇ ಅಭ್ಯಾಸ ಯಾಕೆ ಹೋಗಲ್ಲ ಅಂತ ಹಿರಿಯರು ಗದರಿಸುವ ಮೊದಲು ಇದನ್ನ ಒಮ್ಮೆ ನೋಡಬೇಕು. ಬಿಗಿದಷ್ಟೂ ಓಡುವವರು ಇರ್ತಾರೆ, ಹಟದಿಂದಲ್ಲ.

ಇನ್ನೊಂದು, ಮರೆಯೋ ಮೊದಲು. ಕೆಲಸ ಶುರು ಮಾಡಿದ ಕುದುರೆಗೆ ಉಸಿರು ಕೆಲವೇ ವಾರದಲ್ಲಿ ಕೂಡಿಬರುತ್ತೆ. ಸ್ನಾಯುರಜ್ಜು, ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ಹಾಗಾಗಿ ಎರಡನೇ ತಿಂಗಳಲ್ಲಿ ಕುದುರೆ ಬಹಳ ಹುರುಪಿನಲ್ಲಿರುತ್ತೆ, ಕಾಲು ಹೋಗೋದು ಆಗಲೇ. ದೀಕ್ಷಾಸ್ನಾನ ಆಗಿ ಮೂರು ತಿಂಗಳಿಗೆ ಹುಡುಗನ ಕೈಗೆ ಮೈಕ್ ಕೊಡುವ ಸಭೆಗಳಿಗೆ 1 ತಿಮೊಥೆ 3:6 ಓದಿಸಬೇಕು, ಹೊಸದಾಗಿ ನಂಬಿಕೆಗೆ ಬಂದವನನ್ನು ಸಭೆಯ ಮೇಲ್ವಿಚಾರಕನಾಗಿ ಮಾಡಬಾರದು ಅನ್ನೋದು.

ಪಶುವೈದ್ಯ_ಮಲೆನಾಡು

ಎಲ್ಲರೂ ಕುದುರೆ ಕೇಳುವುದರ ಬಗ್ಗೆ ಬರೆದಿದ್ದೀರಿ. ಕೇಳದ ಕುದುರೆಯ ಬಗ್ಗೆ ನಾನು.

ನಿನ್ನೆವರೆಗೆ ಸರಿಯಿದ್ದ ಕುದುರೆ ಇವತ್ತು ತಲೆ ಕೊಡವುತ್ತಿದೆ, ಜೀನು ತಂದರೆ ಕಚ್ಚಲು ಬರುತ್ತಿದೆ, ಇಳಿಜಾರಿನಲ್ಲಿ ನಿಂತುಬಿಡುತ್ತಿದೆ ಅಂದರೆ ಮೊದಲು ನೋವು ಹುಡುಕಬೇಕು, ಚಾಟಿ ಆಮೇಲೆ. ಬಾಯಿ: ಮೇಲಿನ ದವಡೆ ಹಲ್ಲಿನ ಹೊರ ಅಂಚು, ಕೆಳಗಿನದರ ಒಳ ಅಂಚು ಸವೆದು ಚೂಪಾಗಿ ಕೆನ್ನೆ, ನಾಲಿಗೆ ಕೊಯ್ಯುತ್ತವೆ, ಅರ ಹಾಕಿ ಉಜ್ಜಬೇಕು. ಮೇಲಿನ ಮೊದಲ ದವಡೆ ಹಲ್ಲಿನ ಮುಂದೆ ಕೆಲವಕ್ಕೆ ಸಣ್ಣದೊಂದು ಹಲ್ಲು ಇರುತ್ತದೆ, ಕಡಿವಾಣ ತಗುಲಿದರೆ ತಡೆಯಲಾರದು. ಕಡಿವಾಣ ಕೂರುವ ಜಾಗದಲ್ಲಿ ಹಲ್ಲಿಲ್ಲ, ಮೂಳೆಯ ಮೇಲೆ ತೆಳು ಚರ್ಮ ಅಷ್ಟೆ. ಮುಳ್ಳಿರುವ ಕಡಿವಾಣ ಹಾಕುವುದು ಕಾನೂನುಬಾಹಿರ ಕೂಡ. ಎಳೆಯುವ, ಹೊರುವ ಪ್ರಾಣಿಗಳ ಹಿಂಸೆ ತಡೆಯುವ 1965ರ ನಿಯಮಗಳಲ್ಲೇ ನಿಷೇಧವಿದೆ. ಬೆನ್ನು: ಜೀನಿನ ಕೆಳಗೆ ಬೆನ್ನುಮೂಳೆಯ ಇಬ್ಬದಿ ಬೆರಳಿನಿಂದ ಒತ್ತಿ ನೋಡಿ, ಬೆನ್ನು ಕುಸಿದರೆ ನೋವಿದೆ. ಹೊಟ್ಟೆಪಟ್ಟಿಯನ್ನು ಒಂದೇ ಸಲ ಬಿಗಿಯಬೇಡಿ; ಸ್ವಲ್ಪ ಬಿಗಿದು, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಬಿಗಿಯಿರಿ, ಜನವರಿಯ ಚಳಿಯಲ್ಲಂತೂ ಕಡ್ಡಾಯ. ಗೊರಸು: ನಮ್ಮ ಮಳೆಗಾಲದ ಕೆಸರಲ್ಲಿ ನಿಂತ ಕುದುರೆಗೆ ಅಡಿಯ ತ್ರಿಕೋನದ ಮೆತ್ತನೆ ಭಾಗ ಕೊಳೆತು ಕಪ್ಪಾಗಿ ನಾರುತ್ತದೆ. ದಿನಕ್ಕೊಮ್ಮೆ ಕೆದಕಿ ತೆಗೆದು ಒಣ ನೆಲದಲ್ಲಿ ಕಟ್ಟದಿದ್ದರೆ ಯಾವ ಔಷಧಿಯೂ ಹಿಡಿಯದು.

ಬಿಳಾಮನ ಕತ್ತೆಯ ಪ್ರಸಂಗ (ಅರಣ್ಯಕಾಂಡ 22) ನನ್ನ ಕಸುಬಿನವರಿಗೆ ಬಹಳ ಹತ್ತಿರದ್ದು. ಪ್ರವಾದಿ ಬಿಳಾಮ ಹತ್ತಿ ಹೊರಟಿದ್ದ ಆ ಕತ್ತೆ ಅವನಿಂದ ಮೂರು ಸಲ ಹೊಡೆತ ತಿಂದದ್ದು ದಾರಿ ಬಿಟ್ಟದ್ದಕ್ಕೆ. ಪ್ರವಾದಿಗೆ ಕಾಣದ ದೂತ ಅದಕ್ಕೆ ಕಂಡಿದ್ದ. ಕೊನೆಗೆ ದೂತ ಕೇಳುವ ಮೊದಲ ಪ್ರಶ್ನೆ, ಕತ್ತೆಯನ್ನು ಯಾಕೆ ಹೊಡೆದೆ ಎಂದು. ವಿಧೇಯತೆಯ ಶಿಬಿರದಲ್ಲಿ ಈ ಪಾಠ ಬಿಟ್ಟರೆ ಒಂದು ಕಡೆ ವಾಲಿದಂತಾಗುತ್ತದೆ.

ಶಾಂತವಾದ ಕುದುರೆಗೂ ಸೋತು ಸುಮ್ಮನಾದ ಕುದುರೆಗೂ ವ್ಯತ್ಯಾಸ ಮಕ್ಕಳಿಗೆ ತೋರಿಸಿ. ಶಾಂತವಾದದ್ದರ ಕಿವಿ ಆಚೀಚೆ ಆಡುತ್ತಿರುತ್ತದೆ, ಕಣ್ಣು ಮಿಟುಕಿಸುತ್ತದೆ, ಕೆಳತುಟಿ ಸಡಿಲ, ಕರೆದರೆ ಇತ್ತ ತಿರುಗುತ್ತದೆ. ಸೋತದ್ದು ಅಲ್ಲಾಡುವುದೇ ಇಲ್ಲ. ಕಿವಿ ಪಕ್ಕಕ್ಕೆ ಬಿದ್ದು, ಕಣ್ಣು ತೆರೆದೇ ಇದ್ದರೂ ಏನನ್ನೂ ನೋಡದು, ಮೂಗಿನ ಹೊಳ್ಳೆಯ ಸುತ್ತ ಸುಕ್ಕು, ನೊಣ ಕೂತರೂ ಚರ್ಮ ಅದುರದು. ಫೋಟೋದಲ್ಲಿ ಎರಡೂ "ಸಾಧು" ಕುದುರೆಗಳೇ. ಅನುಮಾನವಿದ್ದರೆ ನಾಡಿ ನೋಡಿ, ದವಡೆಯ ಕೆಳ ಅಂಚಿನಲ್ಲಿ ಬೆರಳಿಗೆ ಸಿಗುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44. ಸುಮ್ಮನೆ ನಿಂತ ಕುದುರೆಗೆ 60 ದಾಟಿದ್ದರೆ ಅದು ಹೆದರಿದೆ ಅಥವಾ ನೋವಿನಲ್ಲಿದೆ. ಸಂಡೇ ಸ್ಕೂಲಿನ ಹಿಂದಿನ ಬೆಂಚಿನಲ್ಲಿ ತುಟಿ ಪಿಟಕ್ಕೆನ್ನದ ಮಗುವಿಗೂ ಒಳಗೊಂದು ನಾಡಿ ಇರುತ್ತದೆ.

ಸಾಗರದ ಕಾಡಂಚಿನಲ್ಲಿ ಜನವರಿ ಅಂದರೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾಲ. ಅದು ಮೊದಲು ಪತ್ತೆಯಾದದ್ದೇ 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಮಂಗ ಸತ್ತ ಸುದ್ದಿ ಇರುವ ಕಡೆ ಶಿಬಿರವೂ ಬೇಡ, ಕುದುರೆ ಮೇಯಿಸುವುದೂ ಬೇಡ. ಮಕ್ಕಳಿಗೆ ಉದ್ದ ಪ್ಯಾಂಟು, ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಆರೋಗ್ಯ ಇಲಾಖೆಯ ಡೇಪಾ ಎಣ್ಣೆ, ಸಂಜೆ ಮೈ ಮೇಲೆ ಉಣುಗು ಹುಡುಕುವುದು. ಕುದುರೆಯ ಕಿವಿಯ ಒಳಗೆ, ಅಯಾಲಿನ ಬುಡದಲ್ಲಿ, ಬಾಲದ ಕೆಳಗೆ ನೋಡಿ. ಕಿತ್ತ ಉಣುಗನ್ನು ಉಗುರಲ್ಲಿ ಹಿಸುಕಬೇಡಿ.

ಹೊಳೆಬಾಗಿಲು

ಬೇಸರ ಮಾಡ್ಕೋಬೇಡಿ ಟೀಚರ್, ಇಡೀ ಹೋಲಿಕೆಯಲ್ಲೇ ನನಗೊಂದು ತೊಡಕು ಕಾಣುತ್ತೆ. ತರಬೇತಿ ಕೊಡುವವನ ಜಾಗದಲ್ಲಿ ದೇವರನ್ನಿಟ್ಟು ಶುರು ಮಾಡ್ತೀರಿ. ಊಟದ ಹೊತ್ತಿಗೆ ಆ ಜಾಗದಲ್ಲಿ ಪಾಸ್ಟರ್, ಸಭೆಯ ಹಿರಿಯರು, ಅಪ್ಪ ಅಮ್ಮ ಕೂತಿರ್ತಾರೆ. "ದೊಡ್ಡವರು ಹೇಳಿದ್ದನ್ನ ಕೇಳು, ಕುದುರೆ ಕೇಳಲ್ವಾ?" ಅಂತ ಮುಗಿಯುತ್ತೆ. ಮಂದೆಯ ಮೇಲೆ ದೊರೆತನ ಮಾಡಬೇಡಿ ಅಂತ ಪೇತ್ರ ಬರೆದದ್ದು (1 ಪೇತ್ರ 5:3) ಹಿರಿಯರಿಗೇ. ಯೋಹಾನ 15:15ರಲ್ಲಿ ಯೇಸು ಶಿಷ್ಯರನ್ನ ಆಳುಗಳು ಅನ್ನಲ್ಲ, ಸ್ನೇಹಿತರು ಅಂತಾನೆ, ಯಾಕೆ ಅಂದರೆ ಯಜಮಾನ ಏನು ಮಾಡ್ತಾನೆ ಅಂತ ಆಳಿಗೆ ಗೊತ್ತಿರಲ್ಲ. ಕುದುರೆಗೂ ಗೊತ್ತಿರಲ್ಲ. ಹೋಲಿಕೆ ಅಲ್ಲಿಗೆ ನಿಲ್ಲುತ್ತೆ ಅಂತ ಮಕ್ಕಳಿಗೆ ಬಾಯಿಬಿಟ್ಟು ಹೇಳಿ.

ಕ್ಯಾಟಕಿಸ್ಟ್_ಶಿವಮೊಗ್ಗ

ಹೊಳೆಬಾಗಿಲು ಅವರ ಮಾತು ಒಪ್ಪಿದೆ. ಇದಕ್ಕೊಂದು ಸೇರಿಸುತ್ತೇನೆ. ಇಬ್ರಿಯ 5:8ರ ಪ್ರಕಾರ ಕ್ರಿಸ್ತನೇ ಪುತ್ರನಾಗಿದ್ದರೂ ವಿಧೇಯತೆಯನ್ನು ಕಲಿತವನು. ನಮ್ಮ ವಿಶ್ವಾಸದಲ್ಲಿ ಹಗ್ಗದ ಈ ತುದಿಯಲ್ಲಿರುವವನೇ ಆ ತುದಿಯಲ್ಲೂ ನಿಂತು ಬಂದಿದ್ದಾನೆ. ಕುದುರೆಯ ಪಾಠದಿಂದ ಇದು ಬರುವುದಿಲ್ಲ, ಬೇರೆಯಾಗಿಯೇ ಹೇಳಬೇಕು.

ಶರಾವತಿ_ಕಣಿವೆ

ತುಂಬಾ ಉಪಕಾರ. ಸುಸ್ತು ಮಾಡಿಸುವುದು, ಚಬುಕು ಎರಡನ್ನೂ ತೆಗೆದಿದ್ದೇವೆ. ಮೊದಲ ದಿನ ಹಗ್ಗ ಸಡಿಲಿಸುವುದು, ಕೀರ್ತನೆ 32, ಲೂಕ 15. ಎರಡನೇ ದಿನ ರೇಸ್ ಕುದುರೆ, ಬಿಳಾಮ, ಕೊನೆಗೆ ಹೊಳೆಬಾಗಿಲು ಅವರ ಪ್ರಶ್ನೆಯ ಮೇಲೆ ಚರ್ಚೆ. ಈಗ ಉಳಿದದ್ದು ಜಾಗ. ಶಿಬಿರದ ಮನೆಯ ಅಡಿಕೆ ಅಂಗಳ ದೊಡ್ಡದಿದೆ, ಸಿಮೆಂಟಿನದು. ಪಕ್ಕದಲ್ಲಿ ಕೊಯ್ಲಾದ ಗದ್ದೆ. ಯಾವುದು ಒಳ್ಳೆಯದು? ಮಕ್ಕಳ ಕೈಗೆ ಹಗ್ಗ ಕೊಡಬಹುದೇ?

ಲಾಯದಿಂದ

ಅಂಗಳ ಬೇಡವೇ ಬೇಡ. ಲಾಳ ಹೊಡೆದ ಕುದುರೆಗೆ ಸಿಮೆಂಟ್ ಜಾರುತ್ತೆ, ಜನವರಿಯಲ್ಲಿ ಅಲ್ಲಿ ಅಡಿಕೆ ಹರವಿರ್ತಾರೆ, ಮೇಲೆ ಹಸಿರು ನೆಟ್ ಪಟಪಟ ಅನ್ನುತ್ತೆ. ಗದ್ದೆಯೇ ಸರಿ. ಹಿಂದಿನ ದಿನ ನಡೆದು ನೋಡಿ, ಇಲಿ ಬಿಲ, ಏಡಿ ತೂತು ಮುಚ್ಚಿಸಿ, ಬದುವಿನಿಂದ ದೂರ ಐವತ್ತರಿಂದ ಅರವತ್ತು ಅಡಿ ಅಗಲದ ಸುತ್ತಿಗೆ ಗೂಟ ನೆಟ್ಟು ಹಗ್ಗ ಕಟ್ಟಿ. ಮಕ್ಕಳು ಹಗ್ಗದಿಂದ ಹತ್ತು ಅಡಿ ಹೊರಗೆ, ಕೂತಿರಬೇಕು. ಕುದುರೆಗೆ ಸರಿಯಾಗಿ ಹಿಂದೆ ಮತ್ತು ಮೂಗಿನ ನೇರಕ್ಕೆ ಕಾಣಲ್ಲ, ಬರುವವರು ಭುಜದ ಕಡೆಯಿಂದ ಮಾತಾಡ್ತಾ ಬರಬೇಕು. ಬೆಲ್ಲ, ಕ್ಯಾರೆಟ್ ಮಕ್ಕಳ ಕೈಯಿಂದ ಬೇಡ. 25 ಕೈ ತಿನ್ನಿಸಿದ ಕುದುರೆ 26ನೇ ಕೈ ಕಚ್ಚುತ್ತೆ. (ರೊಟ್ಟಿ ತಿಂದು ತೃಪ್ತರಾದ್ದರಿಂದ ನನ್ನನ್ನು ಹುಡುಕ್ತೀರಿ ಅನ್ನೋ ಯೋಹಾನ 6:26 ಬೇಕಾದರೆ ಇಲ್ಲಿ ಸೇರಿಸಿ, ಬಕೆಟ್ ಕಂಡರೆ ಮಾತ್ರ ಬರುವ ಕುದುರೆ ಎಲ್ಲ ಲಾಯದಲ್ಲೂ ಇರುತ್ತೆ.)

ಮಕ್ಕಳ ಕೈಗೆ ಎಳೆಯದರ ಹಗ್ಗ ಕೊಡಬೇಡಿ. ರೇಸ್ ಕುದುರೆ ನಿಜಕ್ಕೂ ಶಾಂತವಾಗಿದ್ದರೆ, ಮಾಲೀಕರು ಪಕ್ಕದಲ್ಲಿದ್ದು, ದೊಡ್ಡ ಮಕ್ಕಳು ಹೆಲ್ಮೆಟ್ ಹಾಕಿ ಇಪ್ಪತ್ತು ಹೆಜ್ಜೆ ನಡೆಸಬಹುದು. ಅದಕ್ಕಿಂತ ಮೊದಲು ಕುದುರೆ ಇಲ್ಲದೆ ಅಭ್ಯಾಸ ಮಾಡಿಸಿ. ಇಬ್ಬಿಬ್ಬರು ಮಕ್ಕಳು, ಒಂದು ಹಗ್ಗ. ಒಬ್ಬ ಕಣ್ಣು ಮುಚ್ಚಿ ತುದಿ ಹಿಡೀಲಿ, ಇನ್ನೊಬ್ಬ ಮಾತಾಡದೆ ಹಗ್ಗದಿಂದಲೇ ಅವನನ್ನು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ನಡೆಸಲಿ. ಆಮೇಲೆ ಬಿಗಿ ಬಿಡದೆ ನಡೆಸಲು ಹೇಳಿ. ಕಣ್ಣು ಮುಚ್ಚಿದವನು ಅರ್ಧ ನಿಮಿಷಕ್ಕೆ ಸಿಟ್ಟಾಗ್ತಾನೆ. ಅವನನ್ನೇ ಮಾತಾಡಿಸಿ, ಪಾಠ ಅವನ ಬಾಯಿಂದ ಬರಲಿ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಒಂಬತ್ತೂವರೆ ಸುಮಾರಿಗೆ ಶುರು ಮಾಡಿ. ಎಳೆಯದಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ಚೆನ್ನಾಗಿ ಮಾಡಿದಾಗಲೇ ನಿಲ್ಲಿಸಿ, "ಇನ್ನೊಂದ್ಸಲ" ಅಂತ ಮಕ್ಕಳು ಕೂಗಿದರೂ. ಮುಖ್ಯವಾಗಿ ಹಿಂದಿನ ದಿನವೇ ಅಕ್ಕಪಕ್ಕದ ತೋಟದವರಿಗೆ ತಿಳಿಸಿಬಿಡಿ. ಅಡಿಕೆ ಸುಲಿಯೋ ಮಷಿನ್ ಸದ್ದಿಗೆ ಕುದುರೆ ಹೊಂದಿಕೊಳ್ಳುತ್ತೆ, ಮಂಗ ಓಡಿಸೋ ಪಟಾಕಿ ಆ ಒಂದು ಗಂಟೆ ಹೊಡೀಬೇಡಿ ಅಂತ ಕೇಳಿಕೊಳ್ಳಿ. ಮಕ್ಕಳಿಗೆ ಹವಾಯಿ ಚಪ್ಪಲಿ ಬೇಡ, ಶೂ ಹಾಕಿಕೊಂಡು ಬರಲು ಇವತ್ತೇ ಗ್ರೂಪಿನಲ್ಲಿ ಹಾಕಿ.